ಐಐಟಿ ಸೀಟು ಸಿಗುವುದು ನೂರಕ್ಕೆ ಒಬ್ಬರಿಗಾ, ಹತ್ತು ಮಂದಿಗಾ, ಮೂವತ್ಮೂರು ಮಂದಿಗಾ?

ಸಿಂಧನೂರಿನ ಅಪ್ಪ:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದಳು. ಗಣಿತ ಅಂದ್ರೆ ಊಟ ಮರೆತು ಕೂರುತ್ತಾಳೆ. ಐಐಟಿಗೆ ಹೋಗಬೇಕು ಅನ್ನುವುದು ಅವಳದೇ ಆಸೆ, ನಾವು ಯಾರೂ ಅವಳ ತಲೆಗೆ ತುಂಬಿದ್ದಲ್ಲ. ನಾನು ಓದಿದ್ದು ಪಿಯುಸಿವರೆಗೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೈದರಾಬಾದಿನ ಒಂದು ಕೋಚಿಂಗ್ ಕಾಲೇಜಿನವರು ಮನೆಗೇ ಬಂದು ಮಾತಾಡಿದರು. ಐಐಟಿಗೆ ಬರೆಯುವ ಎರಡನೇ ಹಂತದ ಪರೀಕ್ಷೆ, ಅಂದರೆ ಜೆಇಇ ಅಡ್ವಾನ್ಸ್ಡ್, ಪಾಸಾದವರಲ್ಲಿ ಮೂವರಿಗೆ ಒಬ್ಬರಂತೆ ಐಐಟಿ ಸೀಟು ಸಿಗುತ್ತದೆ ಅಂದರು. ಮಗಳ ಶಾಲೆಯ ಸರ್ ಹತ್ತಿರ ಕೇಳಿದರೆ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ನೂರಕ್ಕೆ ಒಬ್ಬರಿಗೆ ಸಿಕ್ಕರೆ ಹೆಚ್ಚು ಅಂದರು. ನನ್ನ ಹೆಂಡತಿಯ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಹತ್ತಕ್ಕೆ ಒಂದು ಅನ್ನುತ್ತಾನೆ. ಮೂವರೂ ಲೆಕ್ಕ ಹಾಕಿಯೇ ಹೇಳುತ್ತಿದ್ದಾರೆ. ಒಂದೇ ಸೀಟಿಗೆ ಮೂರು ಲೆಕ್ಕ ಹೇಗೆ ಬರುತ್ತದೆ?

ಎರಡು ವರ್ಷಕ್ಕೆ ಹಾಸ್ಟೆಲ್ ಸೇರಿ ಅವರು ಕೇಳುತ್ತಿರುವ ದುಡ್ಡು ನಮಗೆ ಸಣ್ಣದಲ್ಲ. ಕಾಲುವೆಗೆ ನೀರು ಬರಲಿಲ್ಲ ಅಂದ್ರೆ ರೈತರಿಂದ ಉದ್ರಿ ವಾಪಸ್ ಬರುವುದಿಲ್ಲ, ನಮ್ಮ ಅಂಗಡಿಯೂ ನಡೆಯುವುದಿಲ್ಲ. ದುಡ್ಡಿಗಿಂತ ಜಾಸ್ತಿ ಚಿಂತೆ ಹುಡುಗಿಯದು. ಹದಿನಾರು ವರ್ಷದ ಮಗುವನ್ನು ಅಷ್ಟು ದೂರ ಕಳಿಸುವ ಮುಂಚೆ ನಿಜವಾದ ಲೆಕ್ಕ ಗೊತ್ತಿರಬೇಕು ಅಲ್ವಾ?

ಇನ್ನೊಂದು ಮಾತು. ನಮ್ಮ ಹತ್ತಿರ ಕಲ್ಯಾಣ ಕರ್ನಾಟಕದವರಿಗೆ ಕೊಡುವ 371ಜೆ ಮೀಸಲಾತಿ ಸರ್ಟಿಫಿಕೇಟ್ ಇದೆ. ಜಾತಿ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಇವು ಐಐಟಿಗೆ ನಡೆಯುತ್ತವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕೊಪ್ಪಳ ಸೈಬರ್ ಸೆಂಟರ್:

ಅಣ್ಣ, 371ಜೆ ವಿಷಯ ಮಾತ್ರ ನಾನು ಹೇಳುತ್ತೇನೆ. ಪ್ರತಿ ವರ್ಷ ನಮ್ಮ ಅಂಗಡಿಯಲ್ಲಿ ಸಿಇಟಿ ಅರ್ಜಿ ತುಂಬಿಸಲು ಬರುವ ಹತ್ತಾರು ಅಪ್ಪ ಅಮ್ಮಂದಿರು ಇದೇ ಪ್ರಶ್ನೆ ಕೇಳುತ್ತಾರೆ.

ಐಐಟಿಗೆ ಇಲ್ಲ. ಕೇಂದ್ರದ ಇನ್ನೊಂದು ಬಗೆಯ ಎಂಜಿನಿಯರಿಂಗ್ ಕಾಲೇಜಾದ ಎನ್‌ಐಟಿಗೂ ಇಲ್ಲ. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ ಸೌಲಭ್ಯ ಇದು. ರಾಜ್ಯ ಸರ್ಕಾರ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ತುಂಬುವ ಸೀಟುಗಳಿಗೆ ಇದು ನಡೆಯುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ. ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲಿ ನೂರಕ್ಕೆ 8. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನಮ್ಮ ಮಕ್ಕಳು ಇಷ್ಟು ಜಾಸ್ತಿ ಕಾಣುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ರಾಯಚೂರಿನಲ್ಲೇ ಇರುವ ಐಐಐಟಿಗೂ (ಮೂರು ಐ, ಮಾಹಿತಿ ತಂತ್ರಜ್ಞಾನದ ಸಂಸ್ಥೆ, ಐಐಟಿ ಬೇರೆ) ಇದು ನಡೆಯುವುದಿಲ್ಲ. ಅಲ್ಲಿನ ಸೀಟು ಜೋಸಾ (ಐಐಟಿ, ಎನ್‌ಐಟಿ, ಐಐಐಟಿ ಸೀಟು ಹಂಚುವ ಕೇಂದ್ರದ ವ್ಯವಸ್ಥೆ) ಮೂಲಕ ಇಡೀ ದೇಶಕ್ಕೆ ಒಂದೇ ಪಟ್ಟಿ. ಇದನ್ನು ಹೇಳಿದಾಗ ಎಷ್ಟೋ ಜನರ ಮುಖ ಬಾಡುತ್ತದೆ. ಐಐಟಿ ಬೇಕು ಅಂತ ಹೋರಾಡಿದ ಜಿಲ್ಲೆ ನಿಮ್ಮದು, ಐಐಟಿ ಧಾರವಾಡಕ್ಕೆ ಹೋಯಿತು. ಆ ಬೇಸರ ನಮಗೂ ಇದೆ. ಆದ್ರೆ ನಿಯಮ ನಿಯಮವೇ.

ಸರ್ಟಿಫಿಕೇಟ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಸಿಇಟಿ ಸಮಯದಲ್ಲಿ ಅದಕ್ಕೆ ಬಹಳ ಬೆಲೆ ಇದೆ.

ಬಳ್ಳಾರಿ ಗಣಿತದ ಸರ್:

ಸಿಂಧನೂರಿನ ಅಣ್ಣನಿಗೆ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಸಂತೋಷ ಆಯಿತು. ದುಡ್ಡು ಕಟ್ಟುವ ಮುಂಚೆ ಲೆಕ್ಕ ಕೇಳುವವರು ಕಡಿಮೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ಹೇಳಿದ ಮೂವರ ಲೆಕ್ಕವೂ ಸರಿ. 2025ರ ಅಂಕಿ ತೆಗೆದುಕೊಳ್ಳಿ. ಆ ವರ್ಷ ಎರಡು ಸೆಷನ್ ಸೇರಿ ಮೊದಲ ಹಂತದ ಪರೀಕ್ಷೆಯಾದ ಜೆಇಇ ಮೇನ್ ಬರೆದವರು ಸುಮಾರು 14.75 ಲಕ್ಷ. ಅವರಲ್ಲಿ ಮೇಲಿನ ಎರಡೂವರೆ ಲಕ್ಷ ಮಂದಿಗೆ ಅಡ್ವಾನ್ಸ್ಡ್ ಬರೆಯುವ ಅವಕಾಶ. ಅಡ್ವಾನ್ಸ್ಡ್‌ನ ಎರಡೂ ಪೇಪರ್ ಬರೆದವರು 1,80,422. ಪಾಸಾದವರು 54,378. ಎಲ್ಲ ಐಐಟಿಗಳ ಸೀಟು ಸೇರಿ 18,160.

ಈಗ ಸೀಟನ್ನು ಮೇಲೆ ಇಟ್ಟು ಕೆಳಗೆ ಒಂದೊಂದೇ ಸಂಖ್ಯೆ ಹಾಕಿ ಭಾಗಿಸಿ. ಮೇನ್ ಬರೆದವರಿಂದ ಭಾಗಿಸಿದರೆ ನೂರಕ್ಕೆ 1.2. ಇದು ಶಾಲೆಯ ಸರ್ ಹೇಳಿದ್ದು. ಅಡ್ವಾನ್ಸ್ಡ್ ಬರೆದವರಿಂದ ಭಾಗಿಸಿದರೆ ನೂರಕ್ಕೆ 10. ಇದು ನಿಮ್ಮ ಬಾಮೈದನ ಲೆಕ್ಕ. ಪಾಸಾದವರಿಂದ ಭಾಗಿಸಿದರೆ ನೂರಕ್ಕೆ 33. ಇದು ಕೋಚಿಂಗ್‌ನವರದು. ಸೀಟು ಒಂದೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೆಳಗಿನ ಸಂಖ್ಯೆ ಮಾತ್ರ ಬದಲಾಯಿತು.

ನಿಮ್ಮ ಅಂಗಡಿಯ ಭತ್ತದ ಬೀಜದ ಚೀಲವನ್ನೇ ನೋಡಿ. ಮೊಳಕೆ ಪ್ರಮಾಣ ಕನಿಷ್ಠ 80 ಅಂತ ಇರುತ್ತದೆ ಅಲ್ವಾ? ಜೊಳ್ಳು, ಕಸ, ಕಳೆಬೀಜ ಎಲ್ಲ ತೆಗೆದ ಮೇಲೆ ಉಳಿದ ಶುದ್ಧ ಬೀಜದ ಮೇಲೆ ಆ ಲೆಕ್ಕ. ಗದ್ದೆಯಿಂದ ಬಂದ ರಾಶಿಯ ಮೇಲೆ ಅಲ್ಲ. ಮೂವತ್ಮೂರು ಅನ್ನುವುದೂ ಹಾಗೇ, ತೂರಿ, ಜರಡಿ ಹಿಡಿದ ಮೇಲಿನ ಲೆಕ್ಕ. ನಿಮ್ಮ ಮಗಳು ಇನ್ನೂ ರಾಶಿಯಲ್ಲಿ ಇದ್ದಾಳೆ. ಜರಡಿ ಹಿಡಿದ ನಂತರದ ಲೆಕ್ಕವನ್ನು ಈಗಲೇ ಅವಳಿಗೆ ಹಚ್ಚುವುದು ಸರಿಯಲ್ಲ.

ಹಾಗಂತ ನೂರಕ್ಕೆ 1.2 ಅನ್ನುವುದೂ ನಿಮ್ಮ ಮಗಳ ಲೆಕ್ಕ ಅಲ್ಲ. ಆ 14.75 ಲಕ್ಷದಲ್ಲಿ ಯಾರ್‍ಯಾರು ಇದ್ದಾರೆ ನೋಡಿ. ಎರಡು ವರ್ಷ ಇದನ್ನೇ ಓದಿದವರು ಇದ್ದಾರೆ. ಎರಡನೇ, ಮೂರನೇ ಸಲ ಬರೆಯುವವರು ಇದ್ದಾರೆ. ಸಿಇಟಿಗೆ ಓದುತ್ತಾ, ಇದನ್ನೂ ಒಂದು ಕೈ ನೋಡೋಣ ಅಂತ ಬರೆದವರೂ ಲಕ್ಷಗಟ್ಟಲೆ ಇದ್ದಾರೆ. ಈ ಎಲ್ಲರಿಗೂ ಒಂದೇ ಅವಕಾಶ ಅಂತ ಹೇಳಲು ಬರುವುದಿಲ್ಲ. ಚೀಟಿ ಎತ್ತಿ ಸೀಟು ಕೊಡುವುದಿಲ್ಲವಲ್ಲ. ಗಣಿತವನ್ನು ಆಳವಾಗಿ ಇಷ್ಟಪಡುವ ಹುಡುಗಿ ಆ ರಾಶಿಯ ಸರಾಸರಿ ಅಲ್ಲ. ಶಾಲೆಯ ಸರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದ್ರೆ ಆ ಒಂದು ಸಂಖ್ಯೆ ಕೇಳಿ ಮಗು ಪ್ರಯತ್ನವನ್ನೇ ಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆಯ ಎಷ್ಟೋ ಚುರುಕು ಮಕ್ಕಳು ಪರೀಕ್ಷೆಗೆ ಹೆಸರು ಕೊಡುವ ಮುಂಚೆಯೇ ಹಿಂದೆ ಸರಿಯುವುದು ಇಂಥ ಮಾತಿನಿಂದಲೇ.

ಆ ಮೂವತ್ಮೂರರ ಇನ್ನೊಂದು ಮುಖವನ್ನೂ ನೋಡಿ. 54 ಸಾವಿರ ಮಂದಿ ಪಾಸು, 18 ಸಾವಿರ ಸೀಟು. ಅಂದರೆ ದೇಶದ ಅತಿ ಕಷ್ಟದ ಪರೀಕ್ಷೆಗಳಲ್ಲಿ ಒಂದನ್ನು ಪಾಸಾಗಿಯೂ 36 ಸಾವಿರ ಮಕ್ಕಳಿಗೆ ಐಐಟಿ ಸೀಟು ಇಲ್ಲ. ಅಡ್ವಾನ್ಸ್ಡ್ ಪಾಸಾಗಿ, ಸೀಟು ಸಿಗದೆ, ತಾನು ಫೇಲ್ ಅಂದುಕೊಂಡು ಮನೆಯಲ್ಲಿ ಮುಖ ಮುಚ್ಚಿ ಕೂತ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಯಾರೂ ಈ ಲೆಕ್ಕ ಮೊದಲೇ ಹೇಳಿರಲಿಲ್ಲ.

ಹಾಗಾದರೆ ಯಾವ ಲೆಕ್ಕ ನೋಡಬೇಕು? ಶೇಕಡಾವಾರು ಬಿಡಿ. ಕೊನೆಯ ರ್‍ಯಾಂಕ್ ನೋಡಿ. ಜೋಸಾದವರು ಪ್ರತಿ ಕಾಲೇಜು, ಪ್ರತಿ ಬ್ರಾಂಚ್‌ಗೆ ಮೊದಲ ರ್‍ಯಾಂಕ್, ಕೊನೆಯ ರ್‍ಯಾಂಕ್ ಎರಡನ್ನೂ ಪ್ರಕಟಿಸುತ್ತಾರೆ. ಆ ಸೀಟು ಯಾವ ರ್‍ಯಾಂಕ್‌ಗೆ ಮುಗಿಯಿತು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ. ಐಐಟಿ ಬಾಂಬೆಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗದ ಸೀಟು 70ನೇ ರ್‍ಯಾಂಕ್ ಒಳಗೇ ಮುಗಿದಿದೆ. ಐಐಟಿಗಳಲ್ಲೇ ಬೇರೆ ಬ್ರಾಂಚ್‌ಗಳಲ್ಲಿ ಸಾವಿರಾರು ರ್‍ಯಾಂಕ್‌ವರೆಗೆ ಹೋಗುತ್ತದೆ. ಐಐಟಿ ಸಿಗುತ್ತಾ ಅಂತ ಒಟ್ಟಿಗೆ ಕೇಳಿದರೆ ಉತ್ತರ ಇಲ್ಲ. ಯಾವ ಐಐಟಿ, ಯಾವ ಬ್ರಾಂಚ್, ಯಾವ ಸಾಲು ಅಂತ ಕೇಳಿದರೆ ಉತ್ತರ ಇದೆ.

ಸಾಲು ಅಂದೆ ಅಲ್ವಾ, ಅದು ಮುಖ್ಯ. ಐಐಟಿ ಸೀಟುಗಳಲ್ಲಿ ಒಬಿಸಿ ಎನ್‌ಸಿಎಲ್‌ಗೆ (ಆದಾಯ ಮಿತಿಯೊಳಗಿನ ಹಿಂದುಳಿದ ವರ್ಗ) ನೂರಕ್ಕೆ 27, ಎಸ್‌ಸಿಗೆ 15, ಎಸ್‌ಟಿಗೆ 7.5, ಇಡಬ್ಲ್ಯೂಎಸ್‌ಗೆ (ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ದುರ್ಬಲರು) 10. ಉಳಿದ 40.5 ಎಲ್ಲರಿಗೂ ತೆರೆದದ್ದು. ಹುಡುಗಿಯರಿಗೆ 2018ರಿಂದ ಹೆಚ್ಚುವರಿ ಸೀಟು ಕೊಡುತ್ತಿದ್ದಾರೆ. ಮೊದಲ ವರ್ಷ ನೂರಕ್ಕೆ 14, 2020ರ ಹೊತ್ತಿಗೆ 20. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಸೀಟನ್ನೇ ಹೆಚ್ಚಿಸಿದ್ದು. ನಿಮ್ಮ ಮಗಳಿಗೆ ಹುಡುಗಿಯರ ಸಾಲೂ ಸಿಗುತ್ತದೆ, ಎಲ್ಲರ ಸಾಲೂ ಸಿಗುತ್ತದೆ. ಹುಡುಗಿಯರ ಸಾಲಿನಲ್ಲಿ ಕೊನೆಯ ರ್‍ಯಾಂಕ್ ಸಾಮಾನ್ಯವಾಗಿ ಸಾಕಷ್ಟು ಸಡಿಲ ಇರುತ್ತದೆ. ಅದನ್ನು ಯಾರಾದರೂ ರಿಯಾಯಿತಿ ಅಂತ ಕೀಳಾಗಿ ಮಾತಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದಕ್ಕೂ ಮುಂಚೆ ಐಐಟಿ ತರಗತಿಗಳಲ್ಲಿ ನೂರಕ್ಕೆ ಹತ್ತು ಹುಡುಗಿಯರೂ ಇರುತ್ತಿರಲಿಲ್ಲ.

ಜಾತಿಯ ವಿಷಯ. ರಾಜ್ಯದ 2ಎ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗದಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಒಬಿಸಿ ಎನ್‌ಸಿಎಲ್ ಸಾಲು ನಿಮ್ಮದು. ಇಲ್ಲದಿದ್ದರೆ, ಆದಾಯ ಮತ್ತು ಆಸ್ತಿಯ ಮಿತಿಯೊಳಗೆ ಬಂದರೆ ಇಡಬ್ಲ್ಯೂಎಸ್ ಆಗುತ್ತದೆ.

ಮಾನ್ವಿ ಹುಡುಗ:

ಸರ್ ಎಲ್ಲ ಹೇಳಿದ್ದಾರೆ. ನಾನು ಮಾನ್ವಿಯವನು, ಈಗ ಸುರತ್ಕಲ್ ಎನ್‌ಐಟಿಕೆಯಲ್ಲಿ ಓದುತ್ತಿದ್ದೇನೆ. ಆ ಪಟ್ಟಿ ನೋಡುವಾಗ ಒಂದು ಎಚ್ಚರ ಬೇಕು, ಅಂಕಲ್.

ಓಪನ್ ಸಾಲಿನಲ್ಲಿ ಇರುವುದು ಎಲ್ಲರ ಒಟ್ಟು ರ್‍ಯಾಂಕ್. ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯೂಎಸ್ ಸಾಲುಗಳಲ್ಲಿ ಇರುವುದು ಆ ವರ್ಗದೊಳಗಿನ ರ್‍ಯಾಂಕ್. ಎರಡೂ ಒಂದೇ ಪಟ್ಟಿಯಲ್ಲಿ ಪಕ್ಕಪಕ್ಕ ಇರುವುದರಿಂದ ಜನ ಗಲಿಬಿಲಿ ಆಗುತ್ತಾರೆ. ಒಬಿಸಿ ಸಾಲು 3,000ಕ್ಕೆ ಮುಗಿದಿದೆ, ಓಪನ್ ಸಾಲು 5,000ಕ್ಕೆ ಮುಗಿದಿದೆ ಅಂತ ಇಟ್ಟುಕೊಳ್ಳಿ. ಒಬಿಸಿಗೇ ಕಷ್ಟ ಅಂತ ಅನ್ನಿಸುತ್ತದೆ. ಹಾಗಲ್ಲ. ಒಬಿಸಿಯಲ್ಲಿ 3,000ನೇ ಹುಡುಗನ ಒಟ್ಟು ರ್‍ಯಾಂಕ್ 5,000 ದಾಟಿ ಇನ್ನೂ ಬಹಳ ಹಿಂದೆ ಇರುತ್ತದೆ. ನಮ್ಮ ಊರಿನಲ್ಲಿ ಒಬ್ಬ ಹುಡುಗ ಇದನ್ನು ತಪ್ಪಾಗಿ ಓದಿಕೊಂಡು ಒಳ್ಳೆಯ ಕಾಲೇಜುಗಳ ಹೆಸರನ್ನೇ ಹಾಕದೆ ಬಿಡುತ್ತಿದ್ದ. ಕೊನೆ ದಿನ ನೋಡಿ ಸರಿ ಮಾಡಿಸಿದೆವು.

ಮೊದಲ ಸುತ್ತಿನ ಅಂಕಿ ನೋಡಿ ಹೆದರಬೇಡಿ. ಜೋಸಾದಲ್ಲಿ ಐದಾರು ಸುತ್ತು ನಡೆಯುತ್ತವೆ. ಸುತ್ತು ಕಳೆದಂತೆ ಕೊನೆಯ ರ್‍ಯಾಂಕ್ ಸಾಮಾನ್ಯವಾಗಿ ಇನ್ನೂ ದೊಡ್ಡ ಸಂಖ್ಯೆಗೆ ಹೋಗುತ್ತದೆ, ಅಂದರೆ ಸಡಿಲ ಆಗುತ್ತದೆ. ಎನ್‌ಐಟಿ, ಐಐಐಟಿಗಳಿಗೆ ಆಮೇಲೂ ಉಳಿದ ಸೀಟು ತುಂಬಲು ಸಿಎಸ್‌ಎಬಿ ಅನ್ನುವ ಸುತ್ತು ಇರುತ್ತದೆ. ಕೊನೆಯ ಸುತ್ತಿನ ಪಟ್ಟಿಯನ್ನೇ, ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವರ್ಷ ನೋಡಿ ತೀರ್ಮಾನ ಬೇಡ.

ಆಯ್ಕೆ ತುಂಬುವಾಗ ರ್‍ಯಾಂಕ್ ಲೆಕ್ಕ ಹಾಕಿ ಜಾಣತನ ಮಾಡುವುದು ಬೇಕಿಲ್ಲ. ಯಾವುದು ಜಾಸ್ತಿ ಇಷ್ಟವೋ ಅದು ಮೇಲೆ. ಸಿಗದ ಸೀಟನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಮೇಲಿನದು ಸಿಗದಿದ್ದರೆ ಅದೇ ಸುತ್ತಿನಲ್ಲಿ ಕೆಳಗಿನದನ್ನು ಅದೇ ರ್‍ಯಾಂಕ್ ಮೇಲೆ ನೋಡುತ್ತಾರೆ.

ಗಂಗಾವತಿ ಅಮ್ಮ:

ಅಣ್ಣಾವ್ರೇ, ಹೈದರಾಬಾದಿಗೆ ಕಳಿಸುವ ಮುಂಚೆ ಈ ಒಂದು ವಿಷಯ ದಯವಿಟ್ಟು ಓದಿ.

ನಮ್ಮ ಮಗ ಎಸ್ಸೆಸ್ಸೆಲ್ಸಿವರೆಗೆ ಗಂಗಾವತಿಯಲ್ಲೇ ಓದಿದ. ಆಮೇಲೆ ಹೈದರಾಬಾದಿನಲ್ಲಿ ಇಂಟರ್‌ಮೀಡಿಯೆಟ್ ಮಾಡಿದ. ಚೆನ್ನಾಗಿಯೇ ಓದಿದ. ಸುರತ್ಕಲ್ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಅಂತ ನಾವು ಧೈರ್ಯದಿಂದ ಇದ್ದೆವು. ಅರ್ಜಿ ತುಂಬುವಾಗ ಗೊತ್ತಾಯಿತು, ಎನ್‌ಐಟಿಗೆ ಹುಟ್ಟಿದ ಊರು, ರೇಷನ್ ಕಾರ್ಡ್, ಆಧಾರ್ ಯಾವುದೂ ಲೆಕ್ಕಕ್ಕಿಲ್ಲ. ಹನ್ನೆರಡನೇ ತರಗತಿ ಎಲ್ಲಿ ಪಾಸಾದರೋ ಅದೇ ಅವರ ರಾಜ್ಯ. ನಮ್ಮ ಮಗ ತೆಲಂಗಾಣದವನು ಅಂತ ಆದ. ಸುರತ್ಕಲ್‌ನಲ್ಲಿ ಹೊರರಾಜ್ಯದವರ ಸಾಲಿನಲ್ಲಿ ನಿಲ್ಲಬೇಕಾಯಿತು. ಆ ಸಾಲಿನಲ್ಲಿ ಅವನ ರ್‍ಯಾಂಕ್‌ಗೆ ಸೀಟು ಬರಲಿಲ್ಲ. ಕರ್ನಾಟಕದ ಸಾಲಿನಲ್ಲಿ ಬರುತ್ತಿತ್ತು.

ಸೇರಿಸುವಾಗ ಆ ಕೋಚಿಂಗ್‌ನವರು ಫೀಸು, ಹಾಸ್ಟೆಲ್ ಊಟ, ಎಸಿ ಕ್ಲಾಸ್‌ರೂಮ್ ಎಲ್ಲ ವಿವರವಾಗಿ ಹೇಳಿದರು. ಇದನ್ನು ಹೇಳಲಿಲ್ಲ. ನಮ್ಮ ಕಡೆಯಿಂದ ವರ್ಷಾ ವರ್ಷ ಇಷ್ಟು ಮಕ್ಕಳು ಹೋಗುತ್ತಾರೆ, ಅವರಿಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ಮಗ ಈಗ ಬೇರೆ ಕಾಲೇಜಿನಲ್ಲಿ ಖುಷಿಯಾಗಿದ್ದಾನೆ. ಆದ್ರೆ ಇನ್ನೊಬ್ಬ ತಾಯಿಗೆ ಹೀಗಾಗಬಾರದು.

ಬಳ್ಳಾರಿ ಗಣಿತದ ಸರ್:

ಅಕ್ಕ, ನೀವು ಹೇಳಿದ್ದು ಚಿನ್ನದಂಥ ಮಾತು. ನಾನೇ ಬರೆಯಬೇಕು ಅಂತಿದ್ದೆ.

ಅಣ್ಣ, ಇದನ್ನು ಹೀಗೆ ತೂಗಿ ನೋಡಿ. ಪ್ರತಿ ಎನ್‌ಐಟಿಯಲ್ಲಿ ಅರ್ಧ ಸೀಟು ಆ ರಾಜ್ಯದಲ್ಲಿ ಹನ್ನೆರಡನೇ ತರಗತಿ ಪಾಸಾದವರಿಗೆ. ಹೈದರಾಬಾದಿನಲ್ಲಿ ಓದಿದರೆ ಸುರತ್ಕಲ್‌ನ ಅರ್ಧ ಹೋಗಿ ವಾರಂಗಲ್‌ನ ಅರ್ಧ ಬರುತ್ತದೆ. ಕರ್ನೂಲಿನಲ್ಲಿ ಓದಿದರೆ ಆಂಧ್ರದ ಎನ್‌ಐಟಿ. ವಾರಂಗಲ್ ಒಳ್ಳೆಯ ಕಾಲೇಜೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತೆಲಂಗಾಣದಲ್ಲಿ ಜೆಇಇಗೆ ಓದುವ ಮಕ್ಕಳ ಸಂಖ್ಯೆ, ಅವರ ತಯಾರಿ ಎರಡೂ ನಮಗಿಂತ ಬಿರುಸು. ಸುರತ್ಕಲ್‌ನ ಅನೇಕ ಬ್ರಾಂಚ್‌ಗಳಲ್ಲಿ ಕರ್ನಾಟಕದ ಸಾಲು ಹೊರರಾಜ್ಯದ ಸಾಲಿಗಿಂತ ಸಡಿಲವಾಗಿ ಮುಗಿಯುತ್ತದೆ. ಎರಡೂ ಕಾಲೇಜಿನ ಎರಡೂ ಸಾಲುಗಳನ್ನು ಮಗಳ ಜೊತೆ ಕೂತು ನೀವೇ ಹೋಲಿಸಿ. ಐಐಟಿಗೆ ಮಾತ್ರ ಇದು ಬರುವುದಿಲ್ಲ. ಅಲ್ಲಿ ರಾಜ್ಯದ ಸಾಲೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಐಐಟಿ ಒಂದನ್ನೇ ಇಟ್ಟುಕೊಂಡು ಲೆಕ್ಕ ಹಾಕುವುದೇ ಸರಿಯಲ್ಲ. 2025ರಲ್ಲಿ ಜೋಸಾ ಮೂಲಕ ತುಂಬಿದ್ದು 127 ಸಂಸ್ಥೆಗಳ 62,853 ಸೀಟು. ಐಐಟಿ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಎನ್‌ಐಟಿ, ಐಐಐಟಿ ಮತ್ತು ಕೇಂದ್ರದ ಇತರ ಸಂಸ್ಥೆಗಳು. ಅದರ ಆಚೆ ನಮ್ಮ ಸಿಇಟಿ ಇದೆ. ಅಲ್ಲಿ 371ಜೆ ಇದೆ. ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ್‍ಯಾಂಕ್ ಕೊಡುತ್ತಾರೆ. ಜೆಇಇಗೆ ಓದುತ್ತಾ ಪಿಯುಸಿ ಕೈಬಿಟ್ಟರೆ ಆ ಬಾಗಿಲೂ ಕಿರಿದಾಗುತ್ತದೆ. ಐಐಟಿ, ಎನ್‌ಐಟಿ ಸೇರಲೂ ಹನ್ನೆರಡನೇ ತರಗತಿಯಲ್ಲಿ ನೂರಕ್ಕೆ 75 ಬೇಕು, ಇಲ್ಲವೇ ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು.

ಆ ಕೋಚಿಂಗ್‌ನವರು ಮತ್ತೆ ಬಂದರೆ ಕೇಳಿ, ಹೋದ ವರ್ಷ ನಿಮ್ಮಲ್ಲಿ ಎರಡು ವರ್ಷ ಪೂರ್ತಿ ಕೂತು ಓದಿದ ಮಕ್ಕಳು ಎಷ್ಟು? ಅವರಲ್ಲಿ ಐಐಟಿಗೆ ಹೋದವರು ಎಷ್ಟು? ಆನ್‌ಲೈನ್ ಟೆಸ್ಟ್ ಬರೆದವರನ್ನು, ಕೊನೆ ತಿಂಗಳು ಸೇರಿದವರನ್ನು ಬಿಟ್ಟು ಹೇಳಿ ಅನ್ನಿ. ಪೋಸ್ಟರ್‌ನಲ್ಲಿ ಮೇಲಿನ ಸಂಖ್ಯೆ ಮಾತ್ರ ಇರುತ್ತದೆ, ಕೆಳಗಿನದು ಇರುವುದೇ ಇಲ್ಲ. ಇಂಥ ಜಾಹೀರಾತು ಜಾಸ್ತಿ ಆಗಿದ್ದಕ್ಕೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಕೋಚಿಂಗ್‌ಗಳಿಗೆ ಪ್ರತ್ಯೇಕ ನಿಯಮ ತಂದಿತು. ಗೆದ್ದ ಮಗು ಯಾವ ಕೋರ್ಸ್ ಓದಿತು, ಎಷ್ಟು ದಿನ ಓದಿತು ಅಂತ ಅವರು ಹೇಳಬೇಕು. ಕೇಳುವುದು ನಿಮ್ಮ ಹಕ್ಕು.

ಬಳ್ಳಾರಿ ಟು ಬೋಸ್ಟನ್:

ಕೌಲ್ ಬಜಾರ್‌ನಲ್ಲಿ ಬೆಳೆದವಳು ನಾನು, ಈಗ ಇರುವುದು ಬೋಸ್ಟನ್ ಹತ್ತಿರ. ಸರ್ ಹೇಳಿದ ಕೆಳಗಿನ ಸಂಖ್ಯೆಯ ವಿಷಯಕ್ಕೆ ಇಲ್ಲಿಂದ ಒಂದು ಉದಾಹರಣೆ.

ಇಲ್ಲಿನ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿ ಕೊರೋನಾ ಸಮಯದಲ್ಲಿ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಕಡ್ಡಾಯ ಅಲ್ಲ ಅಂತ ಮಾಡಿತ್ತು. ಅರ್ಜಿಗಳು 33 ಸಾವಿರ ದಾಟಿದವು. ಪ್ರವೇಶದ ಪ್ರಮಾಣ ನೂರಕ್ಕೆ 4ಕ್ಕೆ ಇಳಿಯಿತು. 2022ರ ಮಾರ್ಚ್‌ನಲ್ಲಿ ಮತ್ತೆ ಎಸ್‌ಎಟಿ ಕಡ್ಡಾಯ ಅಂದರು. ಮುಂದಿನ ಸಲ ಅರ್ಜಿ 27 ಸಾವಿರದೊಳಗೆ ಬಂದವು, ಪ್ರಮಾಣ 5ರ ಹತ್ತಿರಕ್ಕೆ ಏರಿತು. ತೆಗೆದುಕೊಂಡ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ, ಸ್ವಲ್ಪ ಕಡಿಮೆಯೇ ಆಯಿತು. ಶೇಕಡಾವಾರು ನೋಡಿದವರು ಎಂಐಟಿ ಸುಲಭ ಆಯಿತು ಅಂದುಕೊಳ್ಳಬೇಕು! ಆಗಿದ್ದು ಇಷ್ಟೇ, ಹೇಗೂ ಸಿಗುತ್ತಿರಲಿಲ್ಲ ಅನ್ನುವ ಎಷ್ಟೋ ಮಂದಿ ಅರ್ಜಿ ಹಾಕಲಿಲ್ಲ.

ಇಲ್ಲಿ ಕೊನೆಯ ರ್‍ಯಾಂಕ್ ಅನ್ನುವುದೇ ಇಲ್ಲ. ಅಂಕದ ಜೊತೆ ಪ್ರಬಂಧ, ಶಿಕ್ಷಕರ ಪತ್ರ, ಮನೆಯ ಪರಿಸ್ಥಿತಿ ಎಲ್ಲ ನೋಡುತ್ತಾರೆ. ಇಂಥದ್ದೇ ರ್‍ಯಾಂಕ್ ಬಂದರೆ ಸಿಗುತ್ತದೆ ಅಂತ ಯಾರೂ ಹೇಳಲಾರರು. ಆ ಲೆಕ್ಕದಲ್ಲಿ ನಮ್ಮ ಜೋಸಾ ಪಟ್ಟಿ ಎಷ್ಟು ತೆರೆದದ್ದು ಅಂತ ಇಲ್ಲಿಗೆ ಬಂದ ಮೇಲೆ ನನಗೆ ಅರ್ಥ ಆಯಿತು. ಇಷ್ಟು ವಿವರ ಕೈಯಲ್ಲಿರುವಾಗ ಪೋಸ್ಟರ್ ನಂಬುವುದು ಬೇಡ.

ಸಿಂಧನೂರಿನ ಅಪ್ಪ:

ಎಲ್ಲರಿಗೂ ಕೈಮುಗಿದೆ. ರಾತ್ರಿ ಮಗಳ ಜೊತೆ ಕೂತು ಓದಿದೆ. ಬೀಜದ ಚೀಲದ ಮಾತು ಬಂದಾಗ ಅವಳೇ, ಹಾಗಾದರೆ ನಾನು ಇನ್ನೂ ರಾಶಿಯಲ್ಲಿ ಇದ್ದೀನಿ ಅಪ್ಪ ಅಂದಳು. ಅವಳಿಗೆ ಚೆನ್ನಾಗಿ ಅರ್ಥ ಆಗಿದೆ.

ಗಂಗಾವತಿಯ ಅಕ್ಕ, ನಿಮ್ಮ ಋಣ ಮರೆಯುವುದಿಲ್ಲ. ಹೈದರಾಬಾದಿನವರಿಗೆ ಮುಂಗಡ ದುಡ್ಡು ಕಟ್ಟುವುದನ್ನು ನಿಲ್ಲಿಸಿದ್ದೇನೆ. ಬಳ್ಳಾರಿ, ರಾಯಚೂರು ಎರಡೂ ಕಡೆ ಪಿಯು ಕಾಲೇಜು ನೋಡಿ ಬರುತ್ತೇವೆ.

ಸರ್, ಇನ್ನೆರಡು ಸಣ್ಣ ಪ್ರಶ್ನೆ. ಇಲ್ಲಿ ಗಾಂಧಿ ಸರ್ಕಲ್‌ನಲ್ಲಿ ಒಬ್ಬ ಹುಡುಗನ ಬ್ಯಾನರ್ ಹಾಕಿದ್ದಾರೆ, 97 ಪರ್ಸೆಂಟೈಲ್ ಅಂತ. ಅಂದರೆ ನೂರಕ್ಕೆ 97 ಅಂಕವಾ? ಅವನಿಗೆ ಐಐಟಿ ಸಿಕ್ಕಂತೆಯಾ? ಮತ್ತೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಮ್ಮ ಜಾತಿಯ ಹೆಸರು ಇದೆ ಅಂತ ಗೊತ್ತಾಯಿತು. ಆ ಸರ್ಟಿಫಿಕೇಟ್ ಈಗಲೇ ಮಾಡಿಸಲಾ?

ಬಳ್ಳಾರಿ ಗಣಿತದ ಸರ್:

97 ಪರ್ಸೆಂಟೈಲ್ ಅಂದ್ರೆ ಅಂಕ ಅಲ್ಲ, ಸ್ಥಾನ. ನೂರು ಮಂದಿಯಲ್ಲಿ 97 ಮಂದಿ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ಅಂಕ ತೆಗೆದಿದ್ದಾರೆ. ಪರೀಕ್ಷೆ ಹಲವು ದಿನ, ಹಲವು ಪಾಳಿಯಲ್ಲಿ ನಡೆಯುತ್ತದೆ. ಒಂದು ಪಾಳಿಯ ಪೇಪರ್ ಕಷ್ಟ, ಇನ್ನೊಂದು ಸುಲಭ ಇರಬಹುದು. ಅದಕ್ಕೇ ಅಂಕ ಬಿಟ್ಟು ಆಯಾ ಪಾಳಿಯೊಳಗಿನ ಸ್ಥಾನವನ್ನು ಹಿಡಿಯುತ್ತಾರೆ. ಇಲ್ಲಿಯೂ ಕೆಳಗಿನ ಸಂಖ್ಯೆ ನೋಡಿ. ಹದಿನಾಲ್ಕು ಮುಕ್ಕಾಲು ಲಕ್ಷದಲ್ಲಿ ನೂರಕ್ಕೆ 3 ಅಂದ್ರೆ 44 ಸಾವಿರ ಚಿಲ್ಲರೆ. ಅವನ ರ್‍ಯಾಂಕ್ ಸುಮಾರು ಅಲ್ಲಿರುತ್ತದೆ. 99 ಬಂದರೆ ಸುಮಾರು 14,750. 99.5 ಬಂದರೆ ಸುಮಾರು 7,400. ಮೇಲೆ ಹೋದಂತೆ ಒಂದೊಂದು ದಶಮಾಂಶಕ್ಕೂ ಸಾವಿರ, ಒಂದೂವರೆ ಸಾವಿರ ಮಕ್ಕಳು.

97 ಚಿಕ್ಕ ಸಾಧನೆ ಅಲ್ಲ, ಆ ಹುಡುಗನಿಗೆ ನನ್ನ ಅಭಿನಂದನೆ. ಆದ್ರೆ ಅದು ಮೇನ್ ಪರೀಕ್ಷೆಯದು. ಮೇನ್ ರ್‍ಯಾಂಕ್‌ನಿಂದ ಎನ್‌ಐಟಿ, ಐಐಐಟಿ ಸಿಗುತ್ತದೆ. ಐಐಟಿಗೆ ಅಡ್ವಾನ್ಸ್ಡ್ ರ್‍ಯಾಂಕ್ ಬೇಕು, ಅದು ಪೂರ್ತಿ ಬೇರೆ ಲೆಕ್ಕ. 2025ರಲ್ಲಿ ಅಡ್ವಾನ್ಸ್ಡ್ ಬರೆಯಲು ಸಾಮಾನ್ಯ ವರ್ಗಕ್ಕೆ ಬೇಕಿದ್ದದ್ದು 93.10 ಪರ್ಸೆಂಟೈಲ್, ಒಬಿಸಿಗೆ 79.43. ಒಬಿಸಿಗೆ 80 ಸಾಕು, ಐಐಟಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಪರೀಕ್ಷೆ ಕೋಣೆಯ ಬಾಗಿಲು ಮಾತ್ರ.

ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ಎರಡನೇ ಪಿಯುಸಿಯಲ್ಲಿ ಹಳೆಯ ಮೇನ್ ಪೇಪರ್‌ಗಳನ್ನು ಮೂರು ಗಂಟೆ ಗಡಿಯಾರ ಇಟ್ಟು ಬರೆಯಲಿ. 300ಕ್ಕೆ ಎಷ್ಟು ಬಂತು ಅಂತ ತಾರೀಕು ಹಾಕಿ ಗುರುತಿಸಲಿ. ಅವಳ ಅವಕಾಶ ಎಷ್ಟು ಅಂತ ಹೇಳುವುದಕ್ಕೆ ಆ ಪುಟಗಳಿಗಿಂತ ಒಳ್ಳೆಯ ಲೆಕ್ಕ ಯಾರ ಹತ್ತಿರವೂ ಇಲ್ಲ.

ಒಬಿಸಿ ಸರ್ಟಿಫಿಕೇಟ್ ಈಗ ಮಾಡಿಸಬೇಡಿ. ಅಡ್ವಾನ್ಸ್ಡ್‌ಗೆ ಮತ್ತು ಜೋಸಾಗೆ ಆ ವರ್ಷದ ಏಪ್ರಿಲ್ 1 ಅಥವಾ ಆಮೇಲೆ ಕೊಟ್ಟದ್ದೇ ಬೇಕು. ಹಳೆಯದನ್ನು ತೆಗೆದುಕೊಳ್ಳುವುದಿಲ್ಲ. ಮಗಳು ಎರಡನೇ ಪಿಯುಸಿ ಪರೀಕ್ಷೆ ಬರೆದ ಮೇಲೆ, ಏಪ್ರಿಲ್ ಮೊದಲ ವಾರದಲ್ಲೇ ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕಿ. ರಾಜ್ಯದ 2ಎ ನಮೂನೆ ಅಲ್ಲ, ಕೇಂದ್ರದ ನಮೂನೆಯಲ್ಲೇ ಬೇಕು ಅಂತ ಕೇಳಿ ಪಡೆಯಿರಿ. ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ಅಂಗಡಿಯ ಲೆಕ್ಕದ ಕಾಗದಗಳನ್ನು ಮೊದಲೇ ಸರಿಮಾಡಿ ಇಟ್ಟುಕೊಳ್ಳಿ.